ಕ್ರೀಡಾ ಸಂಘಗಳೂ ಕ್ಯಾನ್ಸರ್ ತಿಳಿವಳಿಕೆಯೂ

(ಮಲೆನಾಡಿನ ತಾಲ್ಲೂಕೊಂದರ ಗ್ರಾಮಾಂತರ ಕ್ರೀಡಾ ಸಂಘಗಳ ಪ್ರತಿನಿಧಿ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಸಭೆಯ ಮುಂದೆ ಎರಡು ವಿಷಯಗಳಿವೆ. ಕ್ಯಾನ್ಸರ್ ತಿಳಿವಳಿಕೆಯ ಪ್ರಚಾರಕ್ಕೆ ನಮ್ಮ ಕ್ರೀಡಾ ಸಂಘಗಳು ಬೆಂಬಲ ಕೊಡಬೇಕೆ ಬೇಡವೆ ಎಂಬುದು ಒಂದು. ಸುಗ್ಗಿಯ ನಂತರ ನಡೆಯಲಿರುವ ಕಬಡ್ಡಿ ಪಂದ್ಯಾವಳಿಗೆ ಪಾನ್ ಮಸಾಲದ ಸಗಟು ವ್ಯಾಪಾರಿಗಳೊಬ್ಬರು ಕೊಡಲು ಮುಂದೆ ಬಂದಿರುವ ಹಣವನ್ನು ಸ್ವೀಕರಿಸಬೇಕೆ ಎಂಬುದು ಇನ್ನೊಂದು. ಕಾರ್ಯದರ್ಶಿಗಳು ಇವೆರಡನ್ನೂ ಕಾರ್ಯಕ್ರಮದ ಪಟ್ಟಿಯಲ್ಲಿ ಬೇರೆ ಬೇರೆಯಾಗಿ ಬರೆದು, ನಡುವೆ ಕಾಫಿಗೆಂದು ಕಾಲು ಗಂಟೆ ವಿರಾಮ ಇಟ್ಟಿದ್ದಾರೆ. ಕಾಫಿಗೆ ನನ್ನ ವಿರೋಧವಿಲ್ಲ. ಆದರೆ ಇವೆರಡೂ ಒಂದೇ ವಿಷಯವೆಂದು ತಿಳಿದು ನಾನು ಮಾತನಾಡುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯನಲ್ಲ. ಮೆಟ್ರಿಕ್ ಮುಗಿಸಿ ಕೆಲವು ವರ್ಷ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ, ಈಗ ಪಕ್ಷದ ಕೆಲಸಕ್ಕೆಂದು ಊರೂರು ಅಲೆಯುವವನು. ಅಲೆಯುವವನ ಕಣ್ಣಿಗೆ ಕೆಲವು ಸಂಗತಿಗಳು ತಾನಾಗಿ ಬೀಳುತ್ತವೆ. ಯಾವ ಊರಿನ ಆಟದ ಬಯಲಿಗೆ ಹೋದರೂ ಗೆರೆಯ ಆಚೆಗೆ ಮಿರುಗುವ ಪೊಟ್ಟಣಗಳು ಎಲೆ ಉದುರಿದಂತೆ ಬಿದ್ದಿರುತ್ತವೆ. ಅವನ್ನು ಎಸೆದವರು ಮುದುಕರಲ್ಲ. ಪಂದ್ಯ ನೋಡಲು ಬಂದ, ಪಂದ್ಯ ಆಡಲು ಬಂದ ನಮ್ಮ ಹುಡುಗರೇ.

ಈಗ ಹಿರಿಯರೊಬ್ಬರು ಎದ್ದು, “ಸಂಘ ಕಟ್ಟಿದ್ದು ಆಟಕ್ಕೆ, ಆಸ್ಪತ್ರೆಗಲ್ಲ. ಇವತ್ತು ಕ್ಯಾನ್ಸರ್ ಅನ್ನುತ್ತೀರಿ, ನಾಳೆ ಕ್ಷಯ ಅನ್ನುತ್ತೀರಿ, ನಾಡಿದ್ದು ಕುಟುಂಬ ಯೋಜನೆ ಅನ್ನುತ್ತೀರಿ, ಹುಡುಗರು ಕಬಡ್ಡಿ ಆಡುವುದು ಯಾವಾಗ?” ಎಂದು ಕೇಳಿದರು. ಇದನ್ನು ನಕ್ಕು ತಳ್ಳಿಹಾಕತಕ್ಕ ಮಾತೆಂದು ನಾನು ಭಾವಿಸಿಲ್ಲ. ಮಂತ್ರಿಗಳ ಮೆರವಣಿಗೆಗೆ, ಇಲಾಖೆಯ ಫೋಟೋಗೆ, ಯಾರದೋ ಹುಟ್ಟುಹಬ್ಬಕ್ಕೆ ಸಮವಸ್ತ್ರ ತೊಟ್ಟ ಹುಡುಗರನ್ನು ಬಿಸಿಲಲ್ಲಿ ನಿಲ್ಲಿಸಿದ್ದು ಸಾಕಷ್ಟಾಗಿದೆ. ತಿಳಿವಳಿಕೆಯ ಪ್ರಚಾರವೆಂದರೆ ಒಂದು ಬ್ಯಾನರು, ಒಂದು ಓಟ, ಒಂದು ಭಾಷಣ, ಕೊನೆಗೊಂದು ಬಾಳೆಹಣ್ಣು ಎಂದಾಗಿದ್ದರೆ, ಬೇಡವೆನ್ನುವವರ ಜೊತೆಯಲ್ಲಿ ನಾನೂ ಕೈ ಎತ್ತುತ್ತೇನೆ.

ಆದರೆ ಹಾಗಲ್ಲದೆ ಮಾಡಿದವರೂ ಇದ್ದಾರೆ. ಆಸ್ಟ್ರೇಲಿಯದ ವೇಗದ ಬೌಲರ್ ಗ್ಲೆನ್ ಮೆಗ್ರಾತ್ ಅವರ ಹೆಸರನ್ನು ತಾವೆಲ್ಲರೂ ಕೇಳಿದ್ದೀರಿ. ಅವರ ಪತ್ನಿ ಜೇನ್ ಅವರಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಗಂಡಹೆಂಡಿರು ಸೇರಿ ಒಂದು ಪ್ರತಿಷ್ಠಾನ ಕಟ್ಟಿದರು. 2008ರಲ್ಲಿ ಆಕೆ ತೀರಿಕೊಂಡರು. 2009ರ ಜನವರಿಯಿಂದ ಸಿಡ್ನಿಯ ಹೊಸವರ್ಷದ ಟೆಸ್ಟ್ ಪಂದ್ಯಕ್ಕೆ ಗುಲಾಬಿ ಟೆಸ್ಟ್ ಎಂದು ಹೆಸರಾಯಿತು. ಮೂರನೆಯ ದಿನ ಜೇನ್ ಅವರ ಹೆಸರಿನ ದಿನ. ಕ್ರೀಡಾಂಗಣವೆಲ್ಲ ಗುಲಾಬಿ ಬಣ್ಣ. ಇಷ್ಟೇ ಆಗಿದ್ದರೆ ನಾನು ಇದನ್ನು ಇಲ್ಲಿ ಎತ್ತುತ್ತಿರಲಿಲ್ಲ, ಬಣ್ಣ ನಮ್ಮಲ್ಲೂ ಅಗ್ಗ. ಆ ಬಣ್ಣದಿಂದ ಎತ್ತಿದ ಹಣ ದಾದಿಯರ ಸಂಬಳಕ್ಕೆ ಹೋಗುತ್ತದೆ. ಕ್ಯಾನ್ಸರ್ ಎಂದು ತಿಳಿದ ದಿನದಿಂದ ಚಿಕಿತ್ಸೆ ಮುಗಿಯುವತನಕ ರೋಗಿಯ ಜೊತೆಯಲ್ಲಿ ನಿಂತು, ಯಾವ ವೈದ್ಯರ ಬಳಿ ಹೋಗಬೇಕು, ಮಕ್ಕಳಿಗೆ ಏನು ಹೇಳಬೇಕು, ವಾಂತಿ ಬಂದರೆ ಏನು ಮಾಡಬೇಕು ಎಂದು ಹೇಳಿಕೊಡುವ ದಾದಿಯರು. ಬೆರಳೆಣಿಕೆಯಿಂದ ಆರಂಭವಾದ ಅವರ ಸಂಖ್ಯೆ ಈಗ 200 ದಾಟಿದೆ. ಅಲ್ಲಿನ ಸರ್ಕಾರವೂ ಹಣ ಕೊಡುವಂತಾಗಿದೆ. ದೂರದ ಹಳ್ಳಿಯ ಹೆಂಗಸಿಗೂ ಈ ದಾದಿಯ ನೆರವು ಪುಕ್ಕಟೆ. ಗುಲಾಬಿ ಟೋಪಿಯ ಹಿಂದೆ ಒಬ್ಬ ದಾದಿ ನಿಂತಿದ್ದಾಳೆ ಎಂಬುದನ್ನು ಗಮನಿಸಿ.

ನಮ್ಮ ದೇಶದಲ್ಲೂ ಬಣ್ಣ ಬಂದಿದೆ. ಗುಜರಾತಿನ ಐಪಿಎಲ್ ತಂಡ 2023ರಿಂದ ವರ್ಷಕ್ಕೊಂದು ಪಂದ್ಯದಲ್ಲಿ ನಸುನೇರಳೆ ಅಂಗಿ ತೊಟ್ಟು ಆಡುತ್ತಿದೆ. ಒಳ್ಳೆಯದೇ. ಯುವರಾಜ್ ಸಿಂಗ್ ಅವರಂತೂ ಬಣ್ಣಕ್ಕಿಂತ ದೊಡ್ಡ ಕೆಲಸ ಮಾಡಿದರು. 2011ರ ವಿಶ್ವಕಪ್ಪಿನಲ್ಲಿ 362 ಓಟ ಹೊಡೆದು 15 ವಿಕೆಟ್ ಕಿತ್ತು ಸರಣಿಯ ಶ್ರೇಷ್ಠ ಆಟಗಾರನಾದ ಮನುಷ್ಯನ ಎರಡು ಶ್ವಾಸಕೋಶಗಳ ನಡುವೆ ಗಡ್ಡೆ ಇತ್ತು. 2012ರಲ್ಲಿ ಅಮೆರಿಕದಲ್ಲಿ ಚಿಕಿತ್ಸೆ ಪಡೆದು, ಬೋಳುತಲೆಯ ಫೋಟೋವನ್ನು ಮುಚ್ಚಿಡದೆ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಚೆನ್ನೈನಲ್ಲಿ ಮತ್ತೆ ಭಾರತಕ್ಕಾಗಿ ಆಡಲು ಇಳಿದರು. ನಮ್ಮ ಹಳ್ಳಿಗಳಲ್ಲಿ ಆ ರೋಗದ ಹೆಸರನ್ನೇ ಹೇಳುವುದಿಲ್ಲ. “ಅದು” ಎನ್ನುತ್ತಾರೆ, “ದೊಡ್ಡ ಕಾಯಿಲೆ” ಎನ್ನುತ್ತಾರೆ. ಅಂಟುರೋಗವೆಂದು ಲೋಟ ಬೇರೆ ಇಡುವ ಮನೆಗಳುಂಟು. ಅಂತಹ ಕಡೆ ಒಬ್ಬ ಆಟಗಾರ ಹೆಸರು ಹಿಡಿದು ಹೇಳಿದ್ದು ನೂರು ಕರಪತ್ರಗಳ ಕೆಲಸ. ಆದರೆ ನಮ್ಮ ಕಬಡ್ಡಿ ಹುಡುಗ ಅಮೆರಿಕಕ್ಕೆ ಹೋಗುವುದಿಲ್ಲ. ಅವನು ಜಿಲ್ಲಾ ಆಸ್ಪತ್ರೆಗೇ ಹೋಗುವುದು ತಡ.

ತಡ ಎಂಬುದೇ ಇಲ್ಲಿನ ಮುಖ್ಯ ರೋಗ. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷ ಸುಮಾರು 14 ಲಕ್ಷ ಜನರಿಗೆ ಹೊಸದಾಗಿ ಕ್ಯಾನ್ಸರ್ ಬಂತು, 9 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಹೆಂಗಸರಲ್ಲಿ ಸ್ತನದ್ದು ಮೊದಲು, ಸುಮಾರು 1.9 ಲಕ್ಷ, ಗರ್ಭಕೋಶದ ಕೊರಳಿನದು ಎರಡನೆಯದು, ಸುಮಾರು 1.27 ಲಕ್ಷ. ಗಂಡಸರಲ್ಲಿ ಮೊದಲ ಸ್ಥಾನ ತುಟಿ ಮತ್ತು ಬಾಯಿಯದು. ಈ ಮೂರೂ ಪರೀಕ್ಷಿಸಿದರೆ ಕೈಗೆ, ಕಣ್ಣಿಗೆ ಸಿಕ್ಕುವ ಜಾಗಗಳು. ಹೊಟ್ಟೆಯೊಳಗೆ ಅಡಗಿದ ಗಡ್ಡೆಯಲ್ಲ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೇಳಿದಾಗ, 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಕೊರಳಿನ ತಪಾಸಣೆ ಒಮ್ಮೆಯಾದರೂ ಆದವರು ನೂರಕ್ಕೆ ಇಬ್ಬರೂ ಇರಲಿಲ್ಲ. ಸ್ತನದ ತಪಾಸಣೆ ಆದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಬಾಯಿಯನ್ನು ತೋರಿಸಿದ ಗಂಡಸರು ನೂರಕ್ಕೆ ಒಬ್ಬರು ಚಿಲ್ಲರೆ. 30 ದಾಟಿದ ಪ್ರತಿಯೊಬ್ಬರಿಗೂ ಈ ತಪಾಸಣೆಗಳನ್ನು ಐದು ವರ್ಷಕ್ಕೊಮ್ಮೆ ಮಾಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ನಿಯಮ ಬರೆದಿದೆ. ನಿಯಮ ಫೈಲಿನಲ್ಲಿ ಆರೋಗ್ಯವಾಗಿದೆ.

ಇನ್ನು ಪೊಟ್ಟಣದ ಮಾತಿಗೆ ಬರುತ್ತೇನೆ. ಈ ಹಣ ತೆಗೆದುಕೊಂಡರೆ ತಪ್ಪೇನು, ಅದು ಹೊಗೆಸೊಪ್ಪಿನ ಹಣವಲ್ಲ, ಪಾನ್ ಮಸಾಲದ್ದು ಎಂದು ನಮ್ಮ ಗೆಳೆಯರೊಬ್ಬರು ವಾದಿಸಿದರು. ಕೇಳಿ. 2003ರ ಕಾನೂನು ಹೊಗೆಸೊಪ್ಪಿನ ಜಾಹೀರಾತನ್ನೂ ಅದರ ಪ್ರಾಯೋಜಕತ್ವವನ್ನೂ ನಿಷೇಧಿಸಿತು. ಹೊಗೆಸೊಪ್ಪು ಬೆರೆತ ಗುಟ್ಕಾವನ್ನು 2013ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ನಿಷೇಧಿಸಿತು. ಮಾರನೆಯ ದಿನ ಏನಾಯಿತು? ಒಂದು ಪೊಟ್ಟಣ ಎರಡಾಯಿತು. ಒಂದರಲ್ಲಿ ಮಸಾಲ, ಇನ್ನೊಂದರಲ್ಲಿ ಹೊಗೆಸೊಪ್ಪು. ಎರಡೂ ಒಂದೇ ಅಂಗಡಿಯಲ್ಲಿ, ಒಂದೇ ದಾರದಲ್ಲಿ ಅಕ್ಕಪಕ್ಕ ತೂಗುತ್ತವೆ. ಗಿರಾಕಿ ಎರಡನ್ನೂ ಹರಿದು ಅಂಗೈಯಲ್ಲಿ ಸುರಿದು ತಾನೇ ಗುಟ್ಕಾ ತಯಾರಿಸಿಕೊಳ್ಳುತ್ತಾನೆ. ಕಾನೂನು ಕಾರ್ಖಾನೆಯ ಬೆರಕೆಯನ್ನು ನಿಲ್ಲಿಸಿತು, ಅಂಗೈಯ ಬೆರಕೆಯನ್ನು ನಿಲ್ಲಿಸಲಾಗಲಿಲ್ಲ. ಹೀಗಿರುವಲ್ಲಿ ಆ ಮಸಾಲದ ಹೆಸರನ್ನು ಶಾಮಿಯಾನದ ಮೇಲೆ ಬರೆಸಿದರೆ ನಾವು ಯಾವ ಪೊಟ್ಟಣದ ಜಾಹೀರಾತು ಮಾಡಿದಂತಾಯಿತು? ಎಡಗೈಯದೋ ಬಲಗೈಯದೋ?

ಈ ವಿದ್ಯೆ ಅವರಿಗೆ ಹೊಸದಲ್ಲ. 1992ರ ವಿಶ್ವಕಪ್ ಕ್ರಿಕೆಟ್ಟಿಗೆ ಒಂದು ಸಿಗರೇಟಿನ ಹೆಸರು, 1996ರದಕ್ಕೆ ಇನ್ನೊಂದು ಸಿಗರೇಟಿನ ಹೆಸರು, ವಿಲ್ಸ್. ಆ ವರ್ಷ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಮ್ಮ ವೆಂಕಟೇಶ ಪ್ರಸಾದ್ ಪಾಕಿಸ್ತಾನದ ಅಮೀರ್ ಸೊಹೈಲರ ವಿಕೆಟ್ಟನ್ನು ಉರುಳಿಸಿದ್ದನ್ನು ಹಿರಿಯರು ಇಂದಿಗೂ ಕಣ್ಣರಳಿಸಿ ಹೇಳುತ್ತಾರೆ. ಇಡೀ ನಾಡು ಕುಣಿದ ಆ ಗಳಿಗೆಗೂ ಸಿಗರೇಟಿನ ಹೆಸರೇ ಅಂಟಿತ್ತು. ಅವರು ಕೊಂಡುಕೊಂಡದ್ದು ಗೋಡೆಯ ಮೇಲಿನ ಜಾಗವನ್ನಲ್ಲ, ನಮ್ಮ ಆನಂದವನ್ನು. (ನಮ್ಮ ರಾಜಧಾನಿಯ ಐಪಿಎಲ್ ತಂಡಕ್ಕೆ 2008ರಲ್ಲಿ ಹೆಸರು ಬಂದದ್ದೂ ಒಂದು ವಿಸ್ಕಿಯಿಂದ. ಮದ್ಯವೂ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿರುವ ವಸ್ತುವೇ. ಇಲ್ಲಿರುವ ತರುಣರು ಕೋಪಿಸಿಕೊಳ್ಳಬಾರದು, 2025ರಲ್ಲಿ ಕಪ್ ಗೆದ್ದ ರಾತ್ರಿ ನಾನೂ ನಿದ್ದೆ ಮಾಡಲಿಲ್ಲ.) ಹದಿನೈದು ವರ್ಷದ ಹುಡುಗನಿಗೆ ಕಪ್ಪು, ಚಪ್ಪಾಳೆ, ಪೊಟ್ಟಣ ಮೂರೂ ಒಟ್ಟಿಗೆ ಸಿಕ್ಕಿದರೆ ಅವನು ಅವನ್ನು ಬೇರೆ ಬೇರೆ ಮಾಡಿ ನೋಡುವುದಿಲ್ಲ. ಮೇಷ್ಟರಾಗಿದ್ದವನು ನಾನು, ಆ ವಯಸ್ಸಿನವರು ಯಾವುದನ್ನು ಹೇಗೆ ಕಲಿಯುತ್ತಾರೆಂದು ಬಲ್ಲೆ.

ಇನ್ನೊಂದು. ನಮ್ಮ ಪಂದ್ಯಗಳು ನಡೆಯುವುದು ಹೆಚ್ಚಾಗಿ ಹೈಸ್ಕೂಲಿನ ಬಯಲಿನಲ್ಲಿ. ಶಾಲೆಯ ಸುತ್ತ 100 ಗಜದೊಳಗೆ ಹೊಗೆಸೊಪ್ಪಿನ ಪದಾರ್ಥ ಮಾರಕೂಡದೆಂದು ಆ 2003ರ ಕಾನೂನಿನಲ್ಲೇ ಇದೆ. ಕರ್ನಾಟಕದಲ್ಲಿ 2025ರಿಂದ 21 ವರ್ಷ ತುಂಬದವರಿಗೆ ಮಾರುವುದೂ ಅಪರಾಧ. ನಮ್ಮ ಕಿರಿಯರ ತಂಡದಲ್ಲಿ 21 ತುಂಬಿದವನು ಇದ್ದರೆ ಎದುರಾಳಿಗಳು ತಕರಾರು ತೆಗೆಯುತ್ತಾರೆ! ಪಂದ್ಯದ ದಿನ ಬಯಲಿನ ಬಾಗಿಲಲ್ಲಿ ಬರುವ ಆ ಪೆಟ್ಟಿಗೆ ಅಂಗಡಿಯನ್ನು 100 ಗಜ ಆಚೆಗೆ ಕಳುಹಿಸಲು ನಮಗೆ ಯಾವ ಮಂತ್ರಿಯ ಅಪ್ಪಣೆಯೂ ಬೇಕಿಲ್ಲ. ಆದರೆ ಆ ಪೆಟ್ಟಿಗೆಯವನನ್ನು ಬೈದು ಓಡಿಸಬಾರದು, ಅವನು ನಮ್ಮವನೇ, ಬಡವ. ಕಡಲೆಕಾಯಿ, ನಿಂಬೆ ಷರಬತ್ತು ಮಾರಿಕೊಳ್ಳಲಿ, ಜಾಗದ ಬಾಡಿಗೆ ಬೇಡವೆನ್ನೋಣ.

ನಾನೀಗ ಹೇಳುವುದು ಈ ಮಲೆನಾಡಿನಲ್ಲಿ ಹೇಳಲು ಕಷ್ಟವಾದ ಮಾತು. ಹೊಗೆಸೊಪ್ಪನ್ನು ಬೈದರೆ ಇಲ್ಲಿ ಯಾರಿಗೂ ನೋವಿಲ್ಲ, ಅದು ಹುಣಸೂರು, ಪಿರಿಯಾಪಟ್ಟಣ, ನಿಪ್ಪಾಣಿಯ ಕಡೆಯ ಬೆಳೆ. ಅಡಿಕೆ ನಮ್ಮದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ, ಹೊಗೆಸೊಪ್ಪು ಬೆರೆಯದಿದ್ದರೂ, ಅಡಿಕೆಯನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುವೆಂದು ಪಟ್ಟಿಗೆ ಸೇರಿಸಿತು. ಅದೇ ಸಂಸ್ಥೆಯವರು 2024ರಲ್ಲಿ ಲೆಕ್ಕ ಹಾಕಿದಂತೆ, 2022ರಲ್ಲಿ ಭಾರತದಲ್ಲಿ 83,000ಕ್ಕೂ ಹೆಚ್ಚು ಬಾಯಿಯ ಕ್ಯಾನ್ಸರುಗಳಿಗೆ ಜಗಿಯುವ ಹೊಗೆಸೊಪ್ಪು ಮತ್ತು ಅಡಿಕೆ ಕಾರಣ. ಬೆಳೆಗಾರರ ಸಂಘಗಳು ಇದನ್ನು ಒಪ್ಪುವುದಿಲ್ಲ, ದೆಹಲಿಯತನಕ ಅಹವಾಲು ಒಯ್ದಿದ್ದಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ಎರಡೆಕರೆ ತೋಟದವನು, ಮರ ಹತ್ತಿ ಕೊನೆ ಇಳಿಸುವವನು, ರಾತ್ರಿಯೆಲ್ಲ ಕೂತು ಅಡಿಕೆ ಸುಲಿಯುವ ಹೆಂಗಸರು, ಇವರ ಅನ್ನ ಆ ಮರದಲ್ಲಿದೆ. ಹಬ್ಬಕ್ಕೆ ತಾಂಬೂಲ ಕೊಡುವುದು ಬೇರೆ, ಹದಿಹರೆಯದ ಹುಡುಗ ದಿನಕ್ಕೆ ಹತ್ತು ಪೊಟ್ಟಣ ದವಡೆಯಲ್ಲಿಟ್ಟು ರಾತ್ರಿ ಮಲಗುವುದು ಬೇರೆ ಎಂದು ವಾದಿಸಬಹುದು. ಪ್ರಮಾಣದ ದೃಷ್ಟಿಯಿಂದ ಅದರಲ್ಲಿ ತಥ್ಯವೂ ಉಂಟು. ಆದರೆ ಸುರಕ್ಷಿತ ಪ್ರಮಾಣ ಇಷ್ಟು ಎಂದು ಯಾವ ಸಂಶೋಧಕನೂ ಬರೆದುಕೊಟ್ಟಿಲ್ಲ. ಊರವರ ಬೆಳೆಯೆಂದು ಹುಡುಗರ ಮುಂದೆ ಅರ್ಧ ಸತ್ಯ ಹೇಳಲು ನನ್ನಿಂದಾಗದು. ಬೇರೆ ಬೆಳೆಗೆ ದಾರಿ, ಬೆಲೆ, ಸಾಲ ಕೇಳುವ ಹೋರಾಟ ಸರ್ಕಾರದ ಮುಂದೆ ನಡೆಯಬೇಕಾದದ್ದು, ಆ ವೇದಿಕೆಯಲ್ಲಿ ನಾನು ಬೆಳೆಗಾರನ ಪಕ್ಕದಲ್ಲೇ ನಿಲ್ಲುತ್ತೇನೆ. ಆಟದ ಬಯಲಿನಲ್ಲಿ ಹುಡುಗನ ಪಕ್ಕದಲ್ಲಿ.

ಈಗ ಎಲ್ಲರೂ ಒಂದು ಕೆಲಸ ಮಾಡಿ. ನಾಚಿಕೆ ಬೇಡ. ಬಲಗೈಯ ನಡುವಿನ ಮೂರು ಬೆರಳುಗಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ನೆಟ್ಟಗೆ ನಿಲ್ಲಿಸಿ ಬಾಯೊಳಗೆ, ಮೇಲಿನ ಹಲ್ಲು ಕೆಳಗಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಯಬೇಕು. ಎರಡೇ ಹಿಡಿದವರು ಗದ್ದಲ ಮಾಡದೆ ಸಭೆ ಮುಗಿದ ಮೇಲೆ ನನ್ನನ್ನು ಕಾಣಿ. ಅಡಿಕೆ ಜಗಿದು ಜಗಿದು ಬಾಯಿಯ ಒಳಪೊರೆ ನಾರುಗಟ್ಟಿ ಬಿಗಿಯುವ ರೋಗವೊಂದಿದೆ. ಮೊದಲು ಖಾರ ತಿಂದರೆ ಉರಿ, ಆಮೇಲೆ ಬಾಯಿ ಅಗಲವಾಗಿ ತೆರೆಯದು. ಅದು ಎಲ್ಲರಲ್ಲೂ ಕ್ಯಾನ್ಸರ್ ಆಗುವುದಿಲ್ಲ, ಕೆಲವರಲ್ಲಿ ಆಗುತ್ತದೆ. ಹಾಗೆಯೇ ಒಳಗೆನ್ನೆಯಲ್ಲಿ, ನಾಲಗೆಯ ಅಂಚಿನಲ್ಲಿ ಒರೆಸಿದರೂ ಹೋಗದ ಬಿಳಿ ಕಲೆ, ಕೆಂಪು ಕಲೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಇವು ಕಂಡರೆ ವೈದ್ಯರಿಗೆ ತೋರಿಸಲೇಬೇಕು. ನೋವಿಲ್ಲವೆಂದು ಸುಮ್ಮನಿರಬಾರದು, ಆರಂಭದಲ್ಲಿ ಹೆಚ್ಚಾಗಿ ನೋವಿರುವುದಿಲ್ಲ. ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಾ ಎದುರಾಳಿಯ ಅಂಗಳಕ್ಕೆ ನುಗ್ಗುವವನಿಗೆ ಬಾಯಿಯ ಬೆಲೆಯನ್ನು ನಾನು ಬೇರೆ ಹೇಳಬೇಕೆ?

ಇದನ್ನು ನೋಡಲು ದೊಡ್ಡ ವೈದ್ಯರೇ ಬೇಕೆಂದಿಲ್ಲ. ಕೇರಳದ ತಿರುವನಂತಪುರದ 13 ಪಂಚಾಯತಿಗಳಲ್ಲಿ 1996ರಲ್ಲಿ ಒಂದು ಪರೀಕ್ಷೆ ಆರಂಭಿಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿ, ಅನುಮಾನ ಬಂದವರನ್ನು ವೈದ್ಯರ ಬಳಿಗೆ ಕಳುಹಿಸಿದರು. 2005ರಲ್ಲಿ ಫಲಿತಾಂಶ ಬಂತು: ಹೊಗೆಸೊಪ್ಪು, ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗಿತ್ತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಯ ಹೆಂಗಸರಲ್ಲಿ 1998ರಿಂದ ನಡೆಸಿದ ಕೆಲಸ ಇನ್ನೂ ನನ್ನ ಮನಸ್ಸಿಗೆ ಹಿಡಿಸಿದ್ದು. ಗರ್ಭಕೊರಳಿಗೆ ವಿನೆಗರಿನಂತಹ ದ್ರಾವಣ ಹಚ್ಚಿ ಬಣ್ಣ ಬದಲಾಗುತ್ತದೆಯೇ ಎಂದು ನೋಡುವುದು. ನೋಡಿದವರು ಹತ್ತನೆಯ ತರಗತಿ ಓದಿ ಕೆಲವು ವಾರಗಳ ತರಬೇತಿ ಪಡೆದ ಹೆಂಗಸರು. 2013ರಲ್ಲಿ ಲೆಕ್ಕ ಮುಂದಿಟ್ಟಾಗ, ಆ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ತಗ್ಗಿತ್ತು. ಮೆಟ್ರಿಕ್ ಪಾಸಾದವರನ್ನು ಕಂಡು ಮೂಗು ಮುರಿಯುವವರಿಗೆ ಈ ಲೆಕ್ಕವನ್ನು ತೋರಿಸಬೇಕೆಂದು ನನಗೆ ಆಸೆ.

ನಮ್ಮ ಸಂಘಗಳು ಗಂಡಸರ ಸಂಘಗಳು ಎಂಬುದನ್ನು ಮರೆಯಬಾರದು. ಪಂದ್ಯದ ದಿನ ಹೆಂಗಸರು ಎಲ್ಲಿರುತ್ತಾರೆ? ಅಡಿಗೆಯ ಹೊಗೆಯಲ್ಲಿ. ಇಲ್ಲಿ ಖೋಖೋ ಹುಡುಗಿಯರ ತಂಡ ಕಟ್ಟಿದ ಸೋದರಿಯರು ಕೂತಿದ್ದಾರೆ. ತಾಯಂದಿರನ್ನು ತಪಾಸಣೆಗೆ ಕರೆತರುವ ಕೆಲಸ ಅವರಿಂದ ಆದೀತೇ ಹೊರತು ನಮ್ಮ ಮೀಸೆಯವರ ಭಾಷಣದಿಂದ ಆಗದು. ಗಂಡಸರು ಮಾಡಬಹುದಾದದ್ದು ಒಂದಿದೆ. ಆ ದಿನ ಒಲೆಯ ಮುಂದೆ ಕೂತು ಹೆಂಗಸರಿಗೆ ಎರಡು ಗಂಟೆ ಬಿಡುವು ಮಾಡಿಕೊಡುವುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮರೆ ಕಟ್ಟಿದ ಕೋಣೆಯೂ ಒಬ್ಬ ದಾದಿಯೂ ಅಂದು ಇರುವಂತೆ ಮೊದಲೇ ನೋಡಿಕೊಳ್ಳಬೇಕು. ಬಯಲಿನಲ್ಲಿ ಮೈಕು ಹಿಡಿದು ಕೂಗಿ ಮಾಡುವ ಕೆಲಸವಲ್ಲ ಅದು.

ಒಂದು ಎಚ್ಚರಿಕೆ. ಕ್ಯಾನ್ಸರಿನ ಹೆಸರು ಹೇಳಿದೊಡನೆ ಇಡೀ ದೇಹದ ತಪಾಸಣೆ ಅರ್ಧ ಬೆಲೆಗೆ ಎಂದು ಬೋರ್ಡು ಹಿಡಿದು ಬರುವವರಿದ್ದಾರೆ. ಆರೋಗ್ಯವಂತ ಹುಡುಗನ ರಕ್ತ ತೆಗೆದು ಅವನಪ್ಪನ ಜೇಬಿಗೆ ಸೂಜಿ ಹಾಕುವ ವ್ಯಾಪಾರ. ಪೊಟ್ಟಣದವನನ್ನು ಮುಂಬಾಗಿಲಿನಿಂದ ಕಳಿಸಿ ಇವನನ್ನು ಹಿಂಬಾಗಿಲಿನಿಂದ ಒಳಕ್ಕೆ ಬಿಡುವುದು ಬೇಡ.

ಇದೆಲ್ಲ ಸರ್ಕಾರ ಮಾಡಬೇಕಾದ ಕೆಲಸ, ನಾವು ಮಾಡಿದರೆ ಸರ್ಕಾರ ಕಾಲು ಚಾಚಿ ಮಲಗುತ್ತದೆ ಎಂದು ನಮ್ಮ ಪಕ್ಷದ ಸಂಗಾತಿಗಳೇ ಹೇಳುತ್ತಾರೆ. ಮಲಗಲು ಬಿಡಬಾರದು, ಅಷ್ಟೆ. ಬಾಯಿಯಲ್ಲಿ ಕಲೆ ಇದೆ ಎಂದು ಹೇಳಿ ಮನೆಗೆ ಕಳುಹಿಸಿದರೆ ಅದು ತಿಳಿವಳಿಕೆಯಲ್ಲ, ಹಿಂಸೆ. ತಿಳಿಸಿದವನು ಜೊತೆಯಲ್ಲಿ ಬಸ್ಸು ಹತ್ತಬೇಕು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಬಡವರ ಆಸ್ಪತ್ರೆಯಾಗಿ ನಿಂತಿದೆ; ಶಿವಮೊಗ್ಗದಿಂದ ಅಲ್ಲಿಗೆ ಸುಮಾರು 300 ಕಿಲೋಮೀಟರು. ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಬಡತನದ ಕಾರ್ಡಿದ್ದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಎಂದು 2018ರಿಂದ ಇದೆ. ಕ್ಯಾನ್ಸರ್ ರೋಗಿಗೂ ಜೊತೆಗಾರನಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರಿಂದ ಟಿಕೇಟಿಲ್ಲ. ಆದರೆ ಯಾವ ಕಾಗದ, ಯಾವ ಸೀಲು, ಯಾವ ಕೌಂಟರು ಎಂದು ತಿಳಿಯದೆ ಅರ್ಧ ದಾರಿಯಿಂದ ಹಿಂದಿರುಗುವವರು ಎಷ್ಟೋ ಮಂದಿ. ಹೊರಜಿಲ್ಲೆಯ ಪಂದ್ಯಕ್ಕೆ ತಂಡವನ್ನು ಕರೆದೊಯ್ದು, ಊಟ ವಸತಿ ನೋಡಿ, ಗಾಯವಾದವನನ್ನು ಹೊತ್ತು ತರುವ ನಮ್ಮ ವ್ಯವಸ್ಥಾಪಕರಿಗಿಂತ ಈ ಕೆಲಸಕ್ಕೆ ಯೋಗ್ಯರು ಯಾರು? ಸಿಡ್ನಿಯವರ ದಾದಿಗೆ ಸಂಬಳ ಕೊಡುವ ಶಕ್ತಿ ನಮಗಿಲ್ಲ. ಒಂದೊಂದು ಸಂಘದಿಂದ ಬಸ್ಸು ಹತ್ತಬಲ್ಲ ಒಬ್ಬನನ್ನು ಕೊಡುವ ಶಕ್ತಿ ಇದೆ.

ಇನ್ನು ಹಣ. ವ್ಯಾಪಾರಿಗಳು ಕೊಡುತ್ತೇವೆಂದ ಮೊತ್ತ ನಮ್ಮ ಖರ್ಚಿನಲ್ಲಿ ದೊಡ್ಡ ಪಾಲೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅದಿಲ್ಲದಿದ್ದರೆ ಹೊನಲು ಬೆಳಕಿನ ಪಂದ್ಯ ಈ ವರ್ಷ ಆಗದು, ಹಗಲಲ್ಲೇ ಆಡಬೇಕು. ಆಳೆತ್ತರದ ಟ್ರೋಫಿ ಬರುವುದಿಲ್ಲ, ಮೊಳದುದ್ದದ್ದು ಬರುತ್ತದೆ. ಬೆಂಗಳೂರಿನಿಂದ ಕರೆಸುವ ಪ್ರಸಿದ್ಧ ತಂಡಕ್ಕೆ ಗೌರವಧನ ಕೊಡಲಾಗದು, ಅವರು ಬರಲಿಕ್ಕಿಲ್ಲ. ಜನ ಕಡಿಮೆಯಾಗಬಹುದು. ಇದು ನಷ್ಟವೇ, ನಷ್ಟವಲ್ಲವೆಂದು ನಾನು ಹೇಳಲಾರೆ. ಊಟಕ್ಕೆ ಮನೆಗೊಂದು ಸೇರು ಅಕ್ಕಿ, ಒಂದು ತೆಂಗಿನಕಾಯಿ ಎತ್ತಿದರೆ ಅನ್ನಸಾರಿಗೆ ಕೊರತೆಯಾಗದು. ಉಳಿದದ್ದಕ್ಕೆ ಪ್ರವೇಶ ಶುಲ್ಕವನ್ನು ಸ್ವಲ್ಪ ಏರಿಸೋಣವೆಂದು ಸೂಚಿಸುತ್ತೇನೆ, ಬಡ ಸಂಘಗಳಿಗೆ ಏರಿಕೆ ಬೇಡ.

ತಾಲ್ಲೂಕು ಆಸ್ಪತ್ರೆಯ ಹಲ್ಲಿನ ವೈದ್ಯರನ್ನು ಹೋದ ವಾರ ಕಂಡಿದ್ದೆ. ಪಂದ್ಯದ ಎರಡನೆಯ ದಿನ ಬೆಳಿಗ್ಗೆ ಬರಲು ಒಪ್ಪಿದ್ದಾರೆ. ಆಟಗಾರರ ಬಾಯಿಯನ್ನು ಮೊದಲು ನೋಡುತ್ತಾರೆ, ತೂಕ ನೋಡುವ ಹೊತ್ತಿನಲ್ಲೇ; ಆಮೇಲೆ ಬಂದವರದು. ಅವರು ಕೇಳಿದ್ದು ನೆರಳು, ಎರಡು ಕುರ್ಚಿ, ಒಂದು ಒಳ್ಳೆಯ ಟಾರ್ಚು, ಕೈ ತೊಳೆಯಲು ನೀರು, ಹೆಸರು ಬರೆದುಕೊಳ್ಳಲು ಇಬ್ಬರು ಹುಡುಗರು. ಇವನ್ನು ಯಾವ ಯಾವ ಸಂಘದವರು ತರುತ್ತೀರೆಂದು ಕಾಫಿಗೆ ಏಳುವ ಮೊದಲೇ ಹೇಳಿದರೆ ಕಾರ್ಯದರ್ಶಿಗಳು ಬರೆದುಕೊಳ್ಳುತ್ತಾರೆ.